ಜೊಂಡಿನ ಮರೆಯಲ್ಲಿ ಅತ್ತೆ ಸೊಸೆ

ಮೂವತ್ತು ವರ್ಷ ನರ್ಸ್ ಆಗಿದ್ದ ಅತ್ತೆಗೆ ನಿವೃತ್ತಿಯಾದ ಮೇಲೆ ಹಕ್ಕಿಗಳ ಹುಚ್ಚು ಹಿಡಿಯಿತು. ಕೆರೆಯ ಅಷ್ಟೂ ಹಕ್ಕಿಗಳ ಫೋಟೋ ತೆಗೆದಿದ್ದರು. ಜೊಂಡಿನ ಬಣ್ಣವನ್ನೇ ಹೊತ್ತು, ಕತ್ತು ನಿಮಿರಿಸಿ ನಿಂತರೆ ಕಣ್ಣಿಗೇ ಬೀಳದ ಕಂದು ಕೊಕ್ಕರೆಯೊಂದು ಮಾತ್ರ ಮೂರು ವರ್ಷದಿಂದ ಆಟ ಆಡಿಸುತ್ತಿತ್ತು. ಅಷ್ಟರಲ್ಲಿ ಅವರ ಕೈ ನಡುಗಲು ಶುರುವಾಗಿ, ಕ್ಯಾಮೆರಾ ಟೈಲರಿಂಗ್ ಮಾಡುವ ಸೊಸೆಯ ಪಾಲಿಗೆ ಬಂತು.

"ಸೂಜಿಗೆ ದಾರ ಪೋಣಿಸೋ ಕೈ ನಿಂದು, ಅಲ್ಲಾಡಲ್ಲ" ಎಂದು ಅತ್ತೆಯೇ ಪುಸಲಾಯಿಸಿದ್ದರು.

ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಕೆರೆಯಂಚಿನಲ್ಲಿ, ಹಸಿರು ಬಟ್ಟೆ ಕಟ್ಟಿದ ಮರೆಯೊಳಗೆ, ಗಿಡ್ಡ ಸ್ಟೂಲುಗಳ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಗಂಟೆ ಕಳೆದ ಮೇಲೆ ಜೊಂಡು ಅಲುಗಿತು. ಕೊಕ್ಕರೆ ಒಂದೊಂದೇ ಹೆಜ್ಜೆಯಿಟ್ಟು ಬಯಲಿಗೆ ಬಂತು. ಸೊಸೆ ಉಸಿರು ಬಿಗಿಹಿಡಿದು ಕ್ಯಾಮೆರಾದ ಗುಂಡಿಯ ಮೇಲೆ ಬೆರಳಿಟ್ಟಳು.

"ಅಲ್ಲಾಡ್ಬೇಡ" ಎಂದರು ಅತ್ತೆ, ಪಿಸುದನಿಯಲ್ಲಿ. "ನನ್ನ ಕಾಲ ಮೇಲೆ ಹಾವಿದೆ."

ಸೊಸೆ ಕಣ್ಣು ಮಾತ್ರ ಕೆಳಗಿಳಿಸಿದಳು. ಬಟ್ಟೆಯಡಿಯಿಂದ ನುಸುಳಿದ ನಾಗರ ಅತ್ತೆಯ ಪಾದ ದಾಟುತ್ತ ಅರ್ಧಕ್ಕೆ ನಿಂತು ಹೆಡೆ ಎತ್ತಿತ್ತು.

"ಹಕ್ಕಿ ಇದೆಯಾ?"

"ಇದೆ."

"ಹಾಗಾದ್ರೆ ಒತ್ತೇ!"

"ಸುಮ್ನಿರಿ ಅತ್ತೆ."

ಹೆಡೆಯಿಂದ ಒಂದು ಗೇಣು ಮೇಲೆ, ಮಡಿಲಲ್ಲಿ, ಅತ್ತೆಯ ಬಲಗೈ ನಡುಗುತ್ತಿತ್ತು. ಹಾವು ಅದನ್ನೇ ನೋಡುತ್ತ ಅತ್ತಿತ್ತ ತೂಗುತ್ತಿತ್ತು. ಸೊಸೆ ಗುಂಡಿಯಿಂದ ಬೆರಳು ತೆಗೆದಳು. ಎಡಗೈಯಲ್ಲಿ ಕ್ಯಾಮೆರಾವನ್ನು ಎದೆಗೊತ್ತಿಕೊಂಡು, ಬಲಗೈಯನ್ನು ಇಂಚಿಂಚಾಗಿ ಇಳಿಸಿ ಆ ನಡುಗುವ ಕೈಯನ್ನು ಹಿಡಿದಳು. ಬಿಗಿಯಾಗಿ. ನಡುಕ ನಿಂತಿತು. ಎದುರಿಗೆ ಕೊಕ್ಕರೆ ಮೀನು ಹಿಡಿಯಿತು, ನುಂಗಿತು, ಬಿಸಿಲಿಗೆ ರೆಕ್ಕೆ ಬಿಚ್ಚಿತು. ಎಷ್ಟು ಹೊತ್ತಾಯಿತೋ, ಹೆಡೆ ಮಡಚಿ ಹಾವು ಹುಲ್ಲಿಗೆ ಸರಿಯಿತು. ಕೊಕ್ಕರೆಯೂ ಹಾರಿಹೋಯಿತು.

"ಮೂರು ವರ್ಷ ಕಾದಿದ್ದೆ ಕಣೇ!" ಅತ್ತೆ ಸಿಡುಕಿದರು.

"ನಿಮ್ಮ ಮಗನಿಗೆ ಏನಂತ ಹೇಳ್ಲಿ? ಫೋಟೋ ಚೆನ್ನಾಗಿ ಬಂತು, ಅಮ್ಮ ಹೋದ್ರು ಅಂತಲಾ?"

ಅತ್ತೆ ಬಗ್ಗಿ ಹಾವು ಹರಿದ ಪಾದವನ್ನು ಸವರಿಕೊಂಡರು.

"ಹಾವು ಕಚ್ಚಿದವರನ್ನ ವಾರ್ಡಲ್ಲಿ ಎಷ್ಟು ಜನ ನೋಡಿದೀನಿ" ಎಂದರು ಮೆಲ್ಲಗೆ. "ಹೆದರಿಕೆ ಆಗಿತ್ತು ಕಣೇ. ಅದಕ್ಕೇ ಹಕ್ಕಿ ಹಕ್ಕಿ ಅಂತಿದ್ದೆ."

ಸೊಸೆ ಅವರ ಕಾಲು ತಿಕ್ಕುತ್ತ ಕೂತಳು.

ಮುಂದಿನ ಭಾನುವಾರದ ಹೊತ್ತಿಗೆ ಅತ್ತೆ ಬಾಗಿಲ ಬಳಿ ಮೊಣಕಾಲುದ್ದದ ಎರಡು ಜೊತೆ ಬೂಟು ತಂದಿಟ್ಟಿದ್ದರು.