ಕಾವು ತಿಳಿಯದ ಬೆರಳು

“ಅಯ್ಯೋ, ಸುಡ್ತಿದೆ ರೀ! ತೆಗೀರಿ, ತೆಗೀರಿ!”

ಬೇಕರಿಯವನು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡ. ಮಾಚಿಪತ್ರೆಯ ಒಣಪುಡಿಯನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿದ, ಶಾಖ ಕೊಡುವ, ಹೆಬ್ಬೆರಳ ಗಾತ್ರದ ಕಡ್ಡಿಯೊಂದು ಅವನ ಕೈಯಲ್ಲಿ ಹೊಗೆಯಾಡುತ್ತಿತ್ತು. ಅವನ ಮುಂದೆ, ರೋಗಿಗಳನ್ನು ಮಲಗಿಸುವ ಎತ್ತರದ ಮೇಜಿನ ಮೇಲೆ, ಅವನ ಹೆಂಡತಿ ಬೋರಲಾಗಿ ಮಲಗಿದ್ದಳು. ಅವಳ ಸೊಂಟದ ಎಡಬದಿಯಲ್ಲಿ ಬಟಾಣಿಯಷ್ಟು ಜಾಗ ಕೆಂಪಾಗಿತ್ತು.

“ನನ್ನ ಬೆರಳಿಗೆ ಏನೂ ಗೊತ್ತಾಗ್ಲಿಲ್ಲ ಕಣೇ.”

“ಪಕ್ಕದಲ್ಲಿ ಎರಡು ಬೆರಳು ಇಟ್ಕೊಳ್ಳಿ, ನಿಮಗೆ ಬಿಸಿ ಅನ್ನಿಸಿದ ಕೂಡಲೇ ಕಡ್ಡಿ ಎತ್ತಿ ಅಂತ ಹೇಳಿದ್ದೆ ತಾನೇ?”

“ಇಟ್ಕೊಂಡಿದ್ದೆ. ಅನ್ನಿಸ್ಲೇ ಇಲ್ಲ.”

ಅನ್ನಿಸುವುದಾದರೂ ಹೇಗೆ? ಮೂವತ್ತೆಂಟು ವರ್ಷ ಭಟ್ಟಿಯಿಂದ ಬ್ರೆಡ್ಡಿನ ಟ್ರೇಗಳನ್ನು ಎಳೆದ ಬೆರಳುಗಳು ಅವು. ತುದಿಗಳು ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿದ್ದವು. ಬಿಸಿ ಟ್ರೇಯನ್ನು ಬರಿಗೈಯಲ್ಲಿ ಹಿಡಿದು ಗಿರಾಕಿಗಳ ಎದುರು ಜಂಬ ಕೊಚ್ಚಿಕೊಳ್ಳುತ್ತಿದ್ದ ಮನುಷ್ಯ ಇವತ್ತು ಆ ಬೆರಳುಗಳನ್ನೇ ನೋಡಿ ನಾಚಿದ.

ಕೆಳಗೆ ಅವನ ಬೇಕರಿ, ಮೇಲೆ ಅವಳ ಅಕ್ಯುಪಂಕ್ಚರ್ ಕೋಣೆ. ಇಪ್ಪತ್ತಾರು ವರ್ಷಗಳಿಂದ ಅವಳು ಬೀದಿಗೆಲ್ಲ ಸೂಜಿಯಮ್ಮ. ಅವಳ ಕೆಲಸವೆಂದರೆ ಅವನಿಗೆ ಮಾತ್ರ ಸದಾ ತಮಾಷೆ. “ಹೊಗೆ ಹಾಕಿದ್ರೆ ಸೊಳ್ಳೆ ಹೋಗುತ್ತೆ, ನೋವು ಹೋಗುತ್ತಾ?” ಎಂದು ಬಂದವರೆದುರೇ ಕೇಳುತ್ತಿದ್ದ. ಹೋದ ವಾರ ನೂರು ಕಿಲೋ ತೂಕದ ಲಾರಿ ಡ್ರೈವರ್ ಒಬ್ಬ ಮೇಜಿನಿಂದ ಇಳಿಯುವಾಗ ಕಾಲು ಜಾರಿದ. ಬೀಳುವವನನ್ನು ತಡೆಯಲು ಹೋದ ಸೂಜಿಯಮ್ಮನ ಸೊಂಟದಲ್ಲಿ ಏನೋ ಚಟ್ಟೆಂದಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಮುರಿದಿಲ್ಲ, ಮಾಂಸಖಂಡಕ್ಕೆ ಪೆಟ್ಟಾಗಿದೆ, ಮಲಗಿರಲಿ ಎಂದರು. ಇದು ಐದನೆಯ ದಿನ. ಮಗ್ಗುಲು ಬದಲಿಸಬೇಕಾದರೂ ಅವನು ಎರಡೂ ತೋಳು ಕೊಟ್ಟು ಹೊರಳಿಸಬೇಕಿತ್ತು.

ಬೆಳಿಗ್ಗೆ ಅವಳು ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ್ದಳು: “ಆ ಮೇಜಿನ ಮೇಲೆ ಮಲಗಿದವರಿಗೆಲ್ಲ ‘ಹೆದರಬೇಡಿ, ಎದ್ದು ಓಡಾಡ್ತೀರಿ’ ಅಂದಿದ್ದೀನಿ. ನನ್ನ ಮೈಗೇ ನನ್ನ ವಿದ್ಯೆ ಹತ್ತದೆ ಹೋದ್ರೆ ಇನ್ನೊಬ್ಬರಿಗೆ ಯಾವ ಬಾಯಲ್ಲಿ ಹೇಳ್ಲಿ? ಇವತ್ತೊಂದು ದಿನ ನೋಡ್ತೀನಿ. ಆಗ್ಲಿಲ್ವಾ, ಆ ಕೋಣೆಗೆ ಬೀಗ.”

ಅತ್ತಿದ್ದರೆ ಅವನು ಏನಾದರೂ ತಮಾಷೆ ಮಾಡಿ ನಗಿಸುತ್ತಿದ್ದ. ಅವಳು ಅಳಲಿಲ್ಲ. ಅದಕ್ಕೇ ಅವನಿಗೆ ಭಯವಾಯಿತು. ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಮೇಲೆ ಬಂದು, ಅವಳನ್ನು ಹಾಸಿಗೆಯಿಂದ ಎತ್ತಿ ತಂದು ಮೇಜಿನ ಮೇಲೆ ಮಲಗಿಸಿದ್ದ.

“ಶಾಖ ಸಾಕು ಬಿಡಿ,” ಎಂದಳು ಈಗ. “ಆ ಸ್ಟೀಲ್ ಡಬ್ಬಿ ಇಲ್ಲಿ ಕೊಡಿ. ಸೂಜಿ ನಾನೇ ಹಾಕ್ಕೋತೀನಿ.”

ಮಲಗಿದ್ದ ಹಾಗೆಯೇ ಎಡಗೈಯನ್ನು ಮುಖದ ಮುಂದೆ ತಂದುಕೊಂಡು, ಅದರ ಹಿಂಬದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದಳು. ಎರಡು ಎಲುಬುಗಳ ನಡುವಿನ ಕುಳಿಯನ್ನು ಉಗುರಿನಿಂದ ಒತ್ತಿ ಗುರುತಿಸಿದಳು. ಕೂದಲಿನಷ್ಟು ಸಣ್ಣ ಸೂಜಿ ಒಳಗಿಳಿಯಿತು. ರಕ್ತ ಬರಲಿಲ್ಲ.

“ಪೆಟ್ಟು ಬಿದ್ದಿದ್ದು ಸೊಂಟಕ್ಕೆ, ಚುಚ್ಚೋದು ಕೈಗಾ?”

“ಅಲ್ಲಿಗೆ ಹೋಗೋಕೆ ಇಲ್ಲಿಂದಾನೂ ದಾರಿ ಇದೆ.” ಅವಳು ಸೂಜಿಯನ್ನು ಮೆಲ್ಲಗೆ ತಿರುವಿದಳು, ನಿಲ್ಲಿಸಿದಳು, ಮತ್ತೆ ತಿರುವಿದಳು. ಹುಬ್ಬು ಗಂಟಿಕ್ಕಿತು. “ಹಾಂ. ಹಿಡೀತು.”

“ಏನು ಹಿಡೀತು?”

“ನೀವೇ ನೋಡಿ. ಎರಡೇ ಬೆರಳಲ್ಲಿ, ಸ್ವಲ್ಪವೇ ಸ್ವಲ್ಪ, ಮೇಲಕ್ಕೆ ಎಳೀರಿ.”

ಅವನು ಉಸಿರು ಬಿಗಿಹಿಡಿದು ಎಳೆದ. ಸೂಜಿ ಬರಲಿಲ್ಲ. ಒಳಗಿನಿಂದ ಯಾವುದೋ ಅದನ್ನು ಹಿಡಿದುಕೊಂಡಿತ್ತು. ಅವನ ಬೆರಳಿಗೆ ಬಿಸಿ ಗೊತ್ತಾಗದೆ ಇರಬಹುದು, ಆದರೆ ಎಳೆತ ಗೊತ್ತಿತ್ತು. ಚೆನ್ನಾಗಿ ನಾದಿದ ಹಿಟ್ಟು ಕೈಯನ್ನು ಬಿಡಲೊಲ್ಲದೆ ಹಿಂದೆಯೇ ಬರುತ್ತದಲ್ಲ, ಅದೇ ಎಳೆತ. ಅವನ ಮೈ ಜುಮ್ಮೆಂದಿತು.

“ಇದಕ್ಕೆ ಜೀವ ಇದೆ ಕಣೇ!”

“ಸೂಜಿಗಲ್ಲ. ನನಗೆ,” ಎಂದು ಅವಳು ನಕ್ಕಳು. ಐದು ದಿನದಲ್ಲಿ ಅದೇ ಮೊದಲ ನಗು.

ಅವನಿಗೆ ನಗು ಬರಲಿಲ್ಲ. ಹದಿನಾಲ್ಕು ಮೆಟ್ಟಿಲು ಹತ್ತಿದರೆ ಸಿಗುವ ಈ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದಿನವೂ ಇಂಥದ್ದು ನಡೆಯುತ್ತಿತ್ತು. ತಾನು ಕೆಳಗೆ ನಿಂತು ಸೊಳ್ಳೆಯ ಮಾತಾಡುತ್ತಿದ್ದೆ ಎಂದು ನೆನೆದು ಅವನಿಗೆ ನಿಜವಾಗಿಯೂ ಸಂಕಟವಾಯಿತು.

ಇಪ್ಪತ್ತು ನಿಮಿಷವಾದ ಮೇಲೆ ಅವಳು ಸೂಜಿ ತೆಗೆದಳು. ಅವನು ಯಾರೂ ಹೇಳದೆಯೇ ಕಡ್ಡಿಯನ್ನು ಮತ್ತೆ ಹಚ್ಚಿದ.

“ಬೇಡ ರೀ, ಸುಡ್ತೀರಿ.”

“ಸುಡಲ್ಲ. ಭಟ್ಟಿ ಹದಕ್ಕೆ ಬಂತಾ ಅಂತ ನಾನೇನು ಬೆರಳಿಟ್ಟು ನೋಡ್ತೀನಾ? ಬಾಗಿಲು ತೆಗೆದು ಕೆನ್ನೆ ಕೊಡ್ತೀನಿ.”

ಸ್ಟೂಲೆಳೆದು ಕೂತು, ಬಗ್ಗಿ, ಅವಳ ಸೊಂಟದ ಮೇಲೆ ಕೆನ್ನೆಯಿಟ್ಟ. ಕಡ್ಡಿಯ ಕೆಂಪು ತುದಿಯನ್ನು ಎರಡಂಗುಲ ಮೇಲೆ ಹಿಡಿದು ನಿಧಾನವಾಗಿ ಸುತ್ತಿಸಿದ. ಕಾವು ಇಬ್ಬರಿಗೂ ಒಟ್ಟಿಗೇ ತಾಕಿತು. ಕೆನ್ನೆ ಚುರುಕ್ಕೆಂದಾಗ ಎತ್ತಿದ, ತಣಿದಾಗ ಇಳಿಸಿದ.

“ಗಡ್ಡ ಚುಚ್ತಿದೆ.”

“ಸೂಜಿಯಮ್ಮನಿಗೆ ಇದೂ ಒಂದು ಚುಚ್ಚೋದಾ?”

“ಕಂದು ಬಣ್ಣ ಬರೋವರೆಗೂ ಕಾಯಬೇಡಿ ಮತ್ತೆ. ನಾನು ಬನ್ನಲ್ಲ.”

ಅವನು ಕಡ್ಡಿ ಸುತ್ತಿಸುತ್ತಲೇ ಇದ್ದ. ಅವನ ಕಣ್ಣೆದುರೇ ಚರ್ಮದ ಬಣ್ಣ ಬದಲಾಗುತ್ತಿತ್ತು. ಶಾಖ ಕೊಟ್ಟಲ್ಲಿ ಮೂಡಿದ ಕೆಂಪು ಅಲ್ಲಿಗೇ ನಿಲ್ಲದೆ, ಶಾಖ ತಾಕದ ಕಡೆಗೂ, ತೊಡೆಯತ್ತ ಒಂದು ಗೇಣು ಇಳಿದಿತ್ತು. ಅದು ತಾನಾಗಿಯೇ ಎಲ್ಲಿಗೋ ಹೊರಟಿತ್ತು. ಕೆನ್ನೆಯ ಕೆಳಗೆ ಕಲ್ಲಿನಂತಿದ್ದ ಮಾಂಸ ಮೆತ್ತಗಾಯಿತು. ಅವಳ ಉಸಿರು ಉದ್ದವಾಯಿತು. ನಿದ್ದೆ ಹೋಗಿದ್ದಳು.

ಅವನು ಎದ್ದು, ಕಡ್ಡಿಯನ್ನು ಮರಳಿನ ಬಟ್ಟಲಲ್ಲಿ ಒತ್ತಿ ಆರಿಸಿದ. ತಿರುಗಿ ನೋಡುವಷ್ಟರಲ್ಲಿ ಅವಳ ಬಲ ಮೊಣಕಾಲು ಮಡಚಿ ಮೇಲೆ ಬಂತು. ಸೊಂಟ ಹೊರಳಿತು, ಹಿಂದೆಯೇ ಭುಜ. ಮುಲುಗಲಿಲ್ಲ, ಎಚ್ಚರವಾಗಲಿಲ್ಲ. ಗೋಡೆಗೆ ಬೆನ್ನು ಮಾಡಿ ಅವನ ಕಡೆಗೆ ಮಗ್ಗುಲಾದಳು. ಬಿದ್ದುಬಿಟ್ಟಾಳೆಂದು ಅವನು ಮೇಜಿನ ಅಂಚಿಗೆ ಓಡಿ ಎರಡೂ ಕೈ ಚಾಚಿದ. ಮುಟ್ಟಲಿಲ್ಲ. ಮುಟ್ಟಿದರೆ ಎಲ್ಲಿ ನಿಂತುಹೋಗುತ್ತದೋ ಎಂಬ ಅಂಜಿಕೆ.

ಎಷ್ಟೋ ಹೊತ್ತಿನ ಮೇಲೆ ಅವಳು ಕಣ್ಣು ಬಿಟ್ಟಳು. “ನೀವು ಹೊರಳಿಸಿದ್ರಾ?”

“ಇಲ್ಲ.”

“ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ ರೀ.”

“ನಾನು ಮುಟ್ಟೇ ಇಲ್ಲ. ನೀನೇ ಹೊರಳಿದೆ. ನಾನು ಬರೀ ನೋಡ್ತಾ ನಿಂತಿದ್ದೆ.”

ಅವಳು ಅವನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಕೈಯನ್ನು ಮೆಲ್ಲಗೆ ಹಿಂದಕ್ಕೆ ಒಯ್ದು ಸೊಂಟದ ಮೇಲಿಟ್ಟಳು. ಹೆಬ್ಬೆರಳು ಬೆನ್ನೆಲುಬಿನ ಪಕ್ಕದಲ್ಲಿ ಒಂದೊಂದೇ ಗೆಣ್ಣು ಇಳಿಯುತ್ತ, ನಿಲ್ಲುತ್ತ, ಒತ್ತಿ ನೋಡುತ್ತ ಸಾಗಿತು. ಮೊದಲ ಸಲ ಬಂದ ಯಾರೋ ರೋಗಿಯ ಬೆನ್ನು ಎನ್ನುವ ಹಾಗೆ. ಅವನು ಕಿಟಕಿಯ ಬೆಳಕಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿದು ನಿಂತ.