ಕೆಂಪು ಮೂಗಿನ ದೊರೆ

ರೋಮ್ ಸಾಮ್ರಾಜ್ಯದ ಮುಂದೆ ಇವತ್ತು ಇರುವ ಅತ್ಯಂತ ಗಂಭೀರ ಪ್ರಶ್ನೆ ಗಡಿಯ ಯುದ್ಧದ್ದಲ್ಲ, ಗೋಧಿಯ ಹಡಗಿನದೂ ಅಲ್ಲ, ಒಂದು ನೊಣ ನನ್ನ ಗಂಡ ಒನೇಸಿಮನ ಮೇಲ್ತುಟಿಯಿಂದ ಕೆಳತುಟಿಗೆ ದಾಟುವುದೋ ಇಲ್ಲವೋ ಎಂಬುದು — ದಾಟಿದರೆ ಇವನ ಬಾಯಿಗೆ ಹಳೆಯ ನಾಣ್ಯ, ಹಾರಿಹೋದರೆ ಹೊಸದು ಎಂದು ನಾನೇ ಗೊತ್ತು ಮಾಡಿಕೊಂಡದ್ದು, ಅದೋ ಎರಡನ್ನೂ ಮಾಡದೆ ಕೈ ಉಜ್ಜುತ್ತ ಕೂತಿದೆ, ಥೇಟ್ ಟಂಕಸಾಲೆಯ ಅಧಿಕಾರಿ, ಒನೇಸಿಮ ಇದ್ದಿದ್ದರೆ ನಗುತ್ತಿದ್ದ, ಇದ್ದಾನೆ, ಬಾಗಿಲ ಕಡೆ ಕಾಲು ಚಾಚಿ ಮಲಗಿದ್ದಾನೆ, ಇಲ್ಲ, ಮಲಗಿಸಿದ್ದೇವೆ, ಹೆಣ ಹೊರುವವರು ಕೆಳಗೆ ಬಂದಿದ್ದಾರೆ, ಇವನ ಅಣ್ಣ ಕ್ರೆಸ್ಕೆನ್ಸ್ ಮೆಟ್ಟಿಲಿನಿಂದಲೇ ಕೂಗುತ್ತಾನೆ, ವಿಬಿಯಾ, ಬಾಯಿಗೆ ಕಾಸು ಇಟ್ಯೇನಮ್ಮ, ಇಡ್ತಿದೀನಿ ಭಾವ, ಬೇಗ ಇಡು, ಈ ಜನ ನಿಂತ ಹೊತ್ತಿಗೂ ಕೂಲಿ ಕೇಳ್ತಾರೆ. ಎಡಗೈಯಲ್ಲಿ ಹಳೆಯದು, ಅಮ್ಮ ಸಾಯುವಾಗ ಕೊಟ್ಟದ್ದು, ಮೇಲೆ ಎಂದೋ ಸತ್ತ ಗಡ್ಡದ ದೊರೆಯ ಮುಖ, ಕಚ್ಚಿದರೂ ಒಳಗೆಲ್ಲ ಬೆಳ್ಳಿ, ಬಲಗೈಯಲ್ಲಿ ಹೊಸದು, ಈಗಿನ ದೊರೆ, ತಲೆಗೆ ಸೂರ್ಯಕಿರಣದ ಕಿರೀಟ, ಮೇಲೆ ಬೆಳ್ಳಿ, ಒಳಗೇನು ಎಂದು ಇವನನ್ನೇ ಕೇಳಬೇಕು, ಟಂಕಸಾಲೆಯಲ್ಲಿ ತಾಮ್ರದ ಬಿಲ್ಲೆಗಳನ್ನು ಹುಳಿನೀರಿನಲ್ಲಿ ಕುದಿಸಿ ಬೆಳ್ಳಗೆ ಮಾಡುವುದೇ ಇವನ ಕೆಲಸವಾಗಿತ್ತಲ್ಲ, ಆ ಹೊಗೆಯೇ ಅಲ್ಲವೇ ಎದೆಗೆ ಇಳಿದದ್ದು. ಉಜ್ಜಿದ್ರೆ ಬೆಳ್ಳಿ ಸವೆದು ಮೂಗೇ ಮೊದಲು ಕೆಂಪಾಗೋದು ಕಣೇ, ಉಬ್ಬಿರೋದು ಅದೇ ನೋಡು, ದೊರೆಗೆ ನೆಗಡಿ ಅಂತೀವಿ ನಾವು, ಎಂದು ಸಾಯುವ ಮುಂಚೆ ಕೆಮ್ಮುತ್ತ ನಕ್ಕವನು ನಗು ಮುಗಿಯುವ ಮೊದಲೇ ನನ್ನ ಮಣಿಕಟ್ಟು ಹಿಡಿದ, ನಾನು ಮಾಡಿದ್ದನ್ನ ಮಾತ್ರ ನನ್ನ ಬಾಯಿಗೆ ಇಡಬೇಡ ವಿಬಿಯಾ, ಸತ್ತವರನ್ನ ಹೊಳೆ ದಾಟಿಸೋ ಅಂಬಿಗ ಆ ಕೂಲಿಗೆ ದೋಣಿ ಹತ್ತಿಸಲ್ಲ, ದಡದಲ್ಲೇ ಬಿಟ್ಟುಹೋಗ್ತಾನೆ. ಆಗಲಿ ಅಂದೆ. ಅನ್ನದೆ ಏನು ಮಾಡಲಿ.

ಅಂಬಿಗನಿಗೂ ವಯಸ್ಸಾಗಿದೆ, ಕತ್ತಲ ಹೊಳೆ, ಅಷ್ಟು ಹೆಣಗಳ ಬಾಯಿಗೆ ಕೈ ಹಾಕುವವನು ಒಂದೊಂದನ್ನೂ ಕಚ್ಚಿ ನೋಡುತ್ತಾನೆಯೇ — ರೊಟ್ಟಿಯಂಗಡಿಯ ಪನ್ಸಾ ನೋಡುತ್ತಾನೆ, ನಿನ್ನೆ ಇದೇ ಹೊಸದನ್ನು ಅವನ ಹಲಗೆಯ ಮೇಲಿಟ್ಟೆ, ದೊರೆ ಕಾಸು ಬೇಡ ಅನ್ನೋಕೆ ನನಗೇನು ಎರಡು ತಲೆ ಇದೆಯೇನಕ್ಕ, ರೊಟ್ಟಿ ಮುಗೀತು ಅಷ್ಟೆ, ಅವನ ಬೆನ್ನ ಹಿಂದೆ ರೊಟ್ಟಿಗಳು ಹಬೆಯಾಡುತ್ತಿದ್ದವು, ಮತ್ತೆ ಅವೇನಪ್ಪ, ಅವಾ, ಅವು ಗಡ್ಡದ ದೊರೆಗೆ ಎತ್ತಿಟ್ಟಿರೋವು. ಎಂದೋ ಸತ್ತ ದೊರೆಗೆ ರೊಟ್ಟಿ ಉಂಟು, ಬದುಕಿರುವವನಿಗಿಲ್ಲ, ಬದುಕಿರುವವನ ಪ್ರಜೆಗೂ ಇಲ್ಲ, ಮಗಳು ರುಫಿಲ್ಲಾ ಅಪ್ಪನ ಕಾಲ ಬಳಿ ಹಸಿದು ಕೂತು ಬಾಗಿಲಿಗೆ ಕಟ್ಟಿದ ಸೈಪ್ರೆಸ್ ಕೊಂಬೆಯ ಎಲೆ ಕಿತ್ತು ಅಗಿಯುತ್ತಿದ್ದಾಳೆ, ಉಗಿಯೇ, ಅದು ಸಾವಿನ ಮನೆ ಎಲೆ, ಅಷ್ಟೇನೂ ಕಹಿಯಿಲ್ಲಮ್ಮ, ಅನ್ನುತ್ತಾಳೆ, ಅಪ್ಪನ ಮಗಳು. ಎಡಗೈ ಬಿಚ್ಚಿದರೆ ಅಪ್ಪ ದಾಟುತ್ತಾನೆ, ಮುಚ್ಚಿದರೆ ಮಗಳು ಉಣ್ಣುತ್ತಾಳೆ, ಕೊಟ್ಟ ಮಾತು ಇದೆ, ಮಾತು ಕೇಳಿಸಿಕೊಂಡವನು ಮಾತ್ರ ಇಲ್ಲ, ಹೊಸದು ಇನ್ನೂ ಬೆಳ್ಳಗಿದೆ, ಇವನ ಕೈಯ ಕೊನೆಯ ಕೆಲಸ, ಚೆನ್ನಾಗಿಯೇ ಮಾಡಿರುತ್ತಾನೆ, ಕತ್ತಲಲ್ಲಿ ಹೊಳೆದೀತು, ಅಂಬಿಗ ನಂಬಿಯಾನು, ನಂಬಬೇಕು — ನೊಣ ಹಾರಿತು, ತಾನೇ ಹಾರಿತೋ, ನನ್ನ ಕೈ ಬೀಸಿತೋ — ಇಟ್ಯೇನಮ್ಮ, ಇಡ್ತಿದೀನಿ ಭಾವ, ದವಡೆ ಬಿಗಿದಿದೆ, ಸ್ವಲ್ಪ ಬಾಯಿ ತೆಗಿ ಒನೇಸಿಮ, ಯಾವತ್ತೂ ಮಾತಿಗೆ ತಡ ಮಾಡಿದವನಲ್ಲ ನೀನು, ಬಲಗೈ ಬಿಚ್ಚುತ್ತೇನೆ, ನಿನ್ನೆಯಿಂದ ಈ ಹೆಬ್ಬೆರಳು ಸುಮ್ಮನಿದ್ದದ್ದೇ ಇಲ್ಲ, ಅದಾ ಇದಾ ಎಂದು ಯೋಚನೆ ಬಂದಾಗಲೆಲ್ಲ ಬೆವರುಗೈಯಲ್ಲಿ ಉಜ್ಜಿದೆ, ಉಜ್ಜಿದೆ, ಕಿರೀಟ ಬೆಳ್ಳಗೆ, ಕೆನ್ನೆ ಬೆಳ್ಳಗೆ, ಮೂಗು ಕೆಂಪು, ತಿರುಗಿಸಿ ಮುಖವನ್ನು ನಾಲಿಗೆಯ ಕಡೆಗೆ ಮಾಡುತ್ತೇನೆ, ಮೂಗು ಕೆಂಪು, ತುಟಿ ಸೇರಿಸಿ ಒತ್ತಿ ಹಿಡಿಯುತ್ತೇನೆ, ಈಗ ಏನೂ ಕಾಣುವುದಿಲ್ಲ, ಮೂಗು ಕೆಂಪು.

ಹೊಸದನ್ನೇ ಇಟ್ಟೆ.