ಬೆವರದ ಹುಡುಗಿಯ ಕಾರು

ದುರುಗಮ್ಮ ಕಾರು ಕಲಿತದ್ದು ನಲವತ್ತೆರಡನೇ ವಯಸ್ಸಿನಲ್ಲಿ, ಮಗಳು ಕಾವ್ಯಶ್ರೀಗಾಗಿ. ಆ ಹುಡುಗಿಗೆ ಹುಟ್ಟಿದಾಗಿನಿಂದ ಬೆವರು ಬರುವುದಿಲ್ಲ. ಬೇರೆಯವರಿಗೆ ಸೆಕೆಯಾಗುವ ಹೊತ್ತಿಗೆ ಅವಳ ಮೈ ಸುಡಲು ತೊಡಗುತ್ತದೆ, ಮಾತು ತೊದಲುತ್ತದೆ. ಉಬ್ರಾಣಿಯ ಮನೆಯಲ್ಲಿ ಬೇಸಿಗೆ ಪೂರ್ತಿ ಒದ್ದೆ ಟವೆಲ್ ಹೊದ್ದುಕೊಂಡೇ ಬಿ.ಕಾಂ. ಮುಗಿಸಿದ್ದಳು. ದುರುಗಮ್ಮನ ಗಂಡ ಅಂಜಿನಪ್ಪ ಭತ್ತ ಕೊಯ್ಯುವ ಮೆಷಿನ್ನಿನ ಜೊತೆ ಊರೂರು ತಿರುಗುವವನು. ಮಗಳ ಓಡಾಟಕ್ಕೆಂದು ಹಳೆಯ ಎ.ಸಿ. ಕಾರೊಂದನ್ನು ತಂದು ನಿಲ್ಲಿಸಿ, ಓಡಿಸುವ ಕೆಲಸವನ್ನು ಹೆಂಡತಿಗೆ ಬಿಟ್ಟಿದ್ದ.

ನ್ಯಾಮತಿಯ ಸೊಸೈಟಿಯೊಂದರಲ್ಲಿ ಕಾವ್ಯಳಿಗೆ ಕಂಪ್ಯೂಟರ್ ಕೆಲಸ ಸಿಕ್ಕಿತ್ತು. ಕಂಪ್ಯೂಟರ್ ರೂಮಿಗೆ ಎ.ಸಿ. ಹಾಕಿಸಿದ್ದಾರೆಂದು ತಿಳಿದ ಮೇಲೆಯೇ ಅವಳು ಅರ್ಜಿ ಹಾಕಿದ್ದು. ಜ್ವರ ಬಂದು ಒಂದು ಸಲ ಕೆಲಸಕ್ಕೆ ಸೇರುವ ತಾರೀಖು ಮುಂದೆ ಹಾಕಿಸಿಕೊಂಡಾಗಿತ್ತು. ಇವತ್ತು ಸಂಜೆ ಐದರೊಳಗೆ ಸಹಿ ಮಾಡದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಕೆಲಸ ಹೋಗುತ್ತದೆ.

ಬೆಳಿಗ್ಗೆ ಎಂಟಕ್ಕೆ ಹೊರಟರು. ಏಪ್ರಿಲ್ ತಿಂಗಳು. ಚನ್ನಗಿರಿ ಹತ್ತಿರವಾಗುತ್ತಿದ್ದಂತೆ ಕಾವ್ಯ ಎ.ಸಿ.ಯ ಕಿಂಡಿಗೆ ಅಂಗೈ ಒಡ್ಡಿ ನೋಡಿದಳು.

“ಅವ್ವಾ, ಬಿಸಿ ಗಾಳಿ ಬರ್ತೈತೆ.”

ಚನ್ನಗಿರಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ವಿನಯ್ ಕುಮಾರ್ ಬಾನೆಟ್ ಎತ್ತಿದ. ಮೊದಲು ಫ್ಯೂಸ್ ತೆಗೆದು ನೋಡಿದ, ಸರಿಯಿತ್ತು. ಮುಂದಿನ ಫ್ಯಾನೂ ತಿರುಗುತ್ತಿತ್ತು. “ಸ್ವಿಚ್ ಒತ್ರಿ ಅಕ್ಕಾ” ಎಂದು ಎಂಜಿನ್ನಿಗೆ ಕಿವಿಯಿಟ್ಟ. ಕಂಪ್ರೆಸರ್ ಹಿಡಿಯುವಾಗ ಟಕ್ಕೆಂದು ಬರಬೇಕಾದ ಸದ್ದು ಬರಲಿಲ್ಲ. ಮೀಟರ್ ಹಚ್ಚಿದರೆ ಮುಳ್ಳು ಕದಲಲಿಲ್ಲ.

“ಗ್ಯಾಸೇ ಇಲ್ಲ. ಎಲ್ಲೋ ಲೀಕ್ ಐತೆ.”

ಪೈಪುಗಳಿಗೆ ಸೋಪಿನ ನೀರು ಸವರುತ್ತಾ ಹೋದ. ಕೆಳಗಿನ ಜಾಯಿಂಟಿನಲ್ಲಿ ಗುಳ್ಳೆ ಎದ್ದಿತು. ಅಲ್ಲಿನ ರಬ್ಬರ್ ಉಂಗುರ ಸುಟ್ಟ ಸಿಪ್ಪೆಯ ಹಾಗಾಗಿತ್ತು. ಅಂಥದ್ದೇ ಇನ್ನೊಂದನ್ನು ಹುಡುಕಿ ತಂದು ಹಾಕಿ, ಪೈಪಿನೊಳಗಿನ ಗಾಳಿ ಎಳೆದು, ಗ್ಯಾಸ್ ತುಂಬುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಷ್ಟು ಹೊತ್ತೂ ಕಾವ್ಯ ಅಂಗಡಿಯ ಹಿಂದಿನ ನೆರಳಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಾ ಕೂತಿದ್ದಳು. ದುರುಗಮ್ಮ ಬಾಡಿಗೆ ಕಾರಿನವರಿಗೆಲ್ಲ ಫೋನು ಹಚ್ಚಿದಳು. ಮದುವೆಗಳ ಕಾಲ, ಎ.ಸಿ. ಇರುವ ಒಂದು ಗಾಡಿಯೂ ಖಾಲಿ ಇರಲಿಲ್ಲ.

ಕಡೆಗೂ ಗಾಳಿ ತಣ್ಣಗೆ ಬಂತು. ಕಾವ್ಯ ಕಿಂಡಿಗೆ ಮುಖವಿಟ್ಟು ಕಣ್ಣು ಮುಚ್ಚಿದಳು. ವಿನಯ್ ಮಾತ್ರ ನಗಲಿಲ್ಲ.

“ಅಕ್ಕಾ, ಗ್ಯಾಸ್ ಜೊತಿಗೆ ಆಯಿಲ್ಲೂ ಸೋರೈತೆ. ಕಂಪ್ರೆಸರ್ ಒಣಗಿ ಓಡೈತೆ. ಹೊಸ ಆಯಿಲ್ ಹಾಕೀನಿ, ಆದ್ರೂ ಎಷ್ಟು ದೂರ ತಡೀತೈತೋ ಹೇಳಾಕಾಗಲ್ಲ.”

“ನ್ಯಾಮತಿ ಮುಟ್ಟಿದ್ರೆ ಸಾಕಪ್ಪ.”

ಮುಟ್ಟಲಿಲ್ಲ. ಸಾಸ್ವೆಹಳ್ಳಿ ದಾಟಿದ ಮೇಲೆ ಬಾನೆಟ್ಟಿನೊಳಗೆ ಕಲ್ಲು ಅರೆದಂಥ ಸದ್ದೆದ್ದಿತು. ಗಾಳಿ ಮತ್ತೆ ಬಿಸಿಯಾಯಿತು. ದುರುಗಮ್ಮ ವಿನಯ್‌ಗೆ ಫೋನು ಮಾಡಿ, ಆ ಸದ್ದನ್ನೇ ಕೇಳಿಸಿದಳು.

“ಕಂಪ್ರೆಸರ್ ಹೋಯ್ತಕ್ಕಾ. ಮೊದ್ಲು ಎ.ಸಿ. ಆಫ್ ಮಾಡ್ರಿ, ಇಲ್ಲಾಂದ್ರೆ ಬೆಲ್ಟ್ ಹರೀತೈತೆ. ರೋಡಲ್ಲಿ ಮಾಡೋ ಕೆಲಸ ಅಲ್ಲ ಅದು.”

ಗಾಜು ಇಳಿಸಿದರೆ ಬೆಂಕಿಯಂಥ ಗಾಳಿ ನುಗ್ಗಿತು. “ಹೋಗಾನ ಅವ್ವಾ, ಇನ್ನೊಂದು ತಾಸು ತಡ್ಕಂತೀನಿ” ಎಂದಳು ಕಾವ್ಯ. ಬಾಟಲಿಯ ನೀರೆಲ್ಲ ಅವಳ ನೆತ್ತಿಯ ಮೇಲೆ ಮುಗಿಯಿತು. ಹೊನ್ನಾಳಿ ಇನ್ನೂ ಎರಡು ಮೈಲಿಯಿದ್ದಾಗ ಅವಳ ಮುಖ ಕೆಂಡದ ಹಾಗಾಗಿತ್ತು. ಏನೋ ಹೇಳಿದಳು, ಮಾತು ಒಂದಕ್ಕೊಂದು ಅಂಟಿಕೊಂಡು ಬಂತು. ದುರುಗಮ್ಮ ಕಾರನ್ನು ನೇರ ಆಸ್ಪತ್ರೆಗೆ ಹೊಡೆದಳು.

ಕಂಕುಳಿಗೆ, ಕತ್ತಿಗೆ ಐಸ್ ಇಟ್ಟು ಡ್ರಿಪ್ ಹಾಕಿದರು. ಮೂರೂವರೆಗೆ ಕಾವ್ಯ ಕಣ್ಣು ಬಿಟ್ಟಳು. ಮೊದಲ ಮಾತೇ, “ಟೈಮೆಷ್ಟು?”

“ಮಲಕ್ಕ.”

“ಆರ್ಡರ್ ಕಾಪಿ ತಗಂಡು ನೀನಾದ್ರೂ ಹೋಗು. ನಾನು ಆಸ್ಪತ್ರೇಲಿ ಇದೀನಿ ಅನ್ನು.”

ನರ್ಸಮ್ಮನಿಗೆ ಮಗಳನ್ನು ಒಪ್ಪಿಸಿ ದುರುಗಮ್ಮ ಒಬ್ಬಳೇ ನ್ಯಾಮತಿಗೆ ಹೋದಳು. ಸೊಸೈಟಿ ಸೆಕ್ರೆಟರಿ ಮುರುಗೇಶಪ್ಪ ಕಾಗದ ನೋಡಿ ಕನ್ನಡಕ ತೆಗೆದರು.

“ಅಭ್ಯರ್ಥೀನೇ ಬಂದು ಸಹಿ ಮಾಡ್ಬೇಕಮ್ಮ.”

“ಸರ್, ಫೋನಲ್ಲೇ ಮುಖ ತೋರಿಸ್ತೀನಿ, ನೋಡ್ರಿ. ನಾಳೆ ಬೆಳಕು ಹರಿಯೋದ್ರೊಳಗೆ ಕರ್ಕಂಡ್ ಬಂದು ನಿಲ್ಲಿಸ್ತೀನಿ.”

ಅವರು ವಿಡಿಯೋದಲ್ಲಿ ನೋಡಿದರು. ಕೈಗೆ ಸೂಜಿ ಚುಚ್ಚಿಕೊಂಡು ಮಲಗಿದ್ದ ಹುಡುಗಿ ಎಡಗೈಯಲ್ಲಿ ನಮಸ್ಕಾರ ಮಾಡಿದಳು. ಫೋನು ಹಿಂದಿರುಗಿಸುವಾಗ ಮುರುಗೇಶಪ್ಪನವರ ದನಿ ಮೆತ್ತಗಾಗಿತ್ತು.

“ಒಂದು ದಿನ ನಾನು ಹೆಂಗೋ ಹೇಳ್ಕಂತೀನಿ ಅಂತಿಟ್ಕಳಮ್ಮ. ನಾಡಿದ್ದು ಹೆಂಗೆ ಬರ್ತಾಳೆ? ಬಸ್ಸಿಗಾಗಿ ನಿಲ್ಲಾಕೆ ಆಗಲ್ಲ. ರೂಮು ಮಾಡಿದ್ರೆ, ಕರೆಂಟ್ ಹೋದಾಗ ಯಾರಿದಾರೆ? ಹಾಳಾದ್ದೊಂದು ಮೆಷಿನ್ ನಂಬ್ಕಂಡು ಮಗೂನ ಕಳಿಸ್ತೀಯಾ?”

ದುರುಗಮ್ಮ ದಾರಿಯುದ್ದಕ್ಕೂ ಬೇಡಿಕೊಳ್ಳುವ ಮಾತುಗಳನ್ನೆಲ್ಲ ಜೋಡಿಸಿಕೊಂಡು ಬಂದಿದ್ದಳು. ಅವೆಲ್ಲ ಇವತ್ತಿನ ಒಂದು ದಿನಕ್ಕಾಗಿ. ಅವರು ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ಕಾಗದವನ್ನು ಮಡಚಿ ಎದ್ದಳು. ಐದು ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು.

ಆಸ್ಪತ್ರೆಯಲ್ಲಿ ಕಾವ್ಯ ಅವ್ವನ ಮುಖ ನೋಡಿದಳು. ಗೋಡೆಯ ಕಡೆ ಹೊರಳಿದಳು. ಅಳುತ್ತಿದ್ದಾಳೆಂದು ಬೆನ್ನಿನ ಅಲುಗಾಟದಿಂದಲೇ ತಿಳಿಯುತ್ತಿತ್ತು. ದುರುಗಮ್ಮ ಆ ಬೆನ್ನಿನ ಮೇಲೆ ಕೈಯಿಟ್ಟಳು. 

ಅಷ್ಟರಲ್ಲಿ ಅಂಜಿನಪ್ಪನ ಫೋನು ಬಂತು. ಹಿಂದೆ ಮೆಷಿನ್ನಿನ ಗದ್ದಲ.

“ಸೇರ್ಕಂಡ್ಲಾ?” ಎಂದು ಕೂಗಿದ.

“ಇಲ್ಲ.”

“ಏನಂದೆ? ಕೇಳಿಸ್ತಿಲ್ಲ!”

“ಇಲ್ಲ ಅಂದೆ” ಎಂದಳು ದುರುಗಮ್ಮ. ಅವನಿಗೆ ಕೇಳಿಸುವಷ್ಟು ಜೋರಾಗಿ ಅದನ್ನು ಮಗಳ ಎದುರು ಹೇಳಲು ಅವಳಿಂದ ಆಗಲಿಲ್ಲ.